ಮಾರ್ಚ್ 29ರ ನಾಲ್ಕು ಚೀಟಿಗಳು

"ಅಪ್ಪ ಅಮ್ಮನಿಗೆ ಎರಡು ತಿಂಗಳ ಮಾತ್ರೆ ಒಟ್ಟಿಗೇ ತಂದಿಡಲು ಹೇಳು" ಎಂದು ತಮ್ಮ ಸಿಯಾಟಲ್‌ನಿಂದ ಫೋನ್ ಮಾಡಿದ್ದು 2020ರ ಮಾರ್ಚ್ 1ರ ಭಾನುವಾರ. ಅವನ ಮನೆಗೆ ಹತ್ತಿರದ ಕರ್ಕ್‌ಲ್ಯಾಂಡ್‌ನಲ್ಲಿ ವೃದ್ಧರ ಆರೈಕೆ ಕೇಂದ್ರವೊಂದಕ್ಕೆ ಸೋಂಕು ಹೊಕ್ಕ ಸುದ್ದಿ ಆಗಷ್ಟೇ ಬಂದಿತ್ತು. ನಾನು ನಕ್ಕೆ. ನನ್ನ ತಲೆಯಲ್ಲಿದ್ದದ್ದು ದ್ವಿತೀಯ ಪಿಯುಸಿ ಪರೀಕ್ಷೆ. ಬುಧವಾರದಿಂದ ಕೊಠಡಿ ಮೇಲ್ವಿಚಾರಣೆ. ಅಮ್ಮನ ತಲೆಯಲ್ಲಿದ್ದದ್ದು ಶಿರಸಿಯ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಯನ್ನು ಅಮೆರಿಕದ ಯಾವುದೋ ಊರಿನ ಸುದ್ದಿಗೆ ಹೆದರಿ ಬಿಡುವವಳಲ್ಲ ಅವಳು. ಶುಕ್ರವಾರ ಹೋಗಿ, ಬಿಡ್ಕಿ ಬೈಲಿನ ಗದ್ದುಗೆಯ ಮುಂದೆ ಎರಡು ತಾಸು ಸಾಲಿನಲ್ಲಿ ನಿಂತು, ಕೈತುಂಬ ಹಸಿರು ಬಳೆ ಇಡಿಸಿಕೊಂಡು ಬಂದಳು.

ಜಾತ್ರೆ ಮುಗಿದದ್ದು 11ಕ್ಕೆ. ಮರುದಿನ ಗೊತ್ತಾಯಿತು, ಕಲಬುರಗಿಯಲ್ಲಿ 10ರಂದು ತೀರಿಕೊಂಡ 76 ವರ್ಷದ ಹಿರಿಯರೊಬ್ಬರು ಕೊರೊನಾದಿಂದಲೇ ಸತ್ತದ್ದು ಎಂದು. ದೇಶದ ಮೊದಲ ಸಾವು ನಮ್ಮ ರಾಜ್ಯದಲ್ಲೇ. ನಾನು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು 6ನೇ ತಾರೀಕಿನಿಂದ ಬೆರಳಿಟ್ಟು ಹದಿನಾಲ್ಕು ದಿನ ಎಣಿಸಿದೆ: 20. ಅಲ್ಲಿಯವರೆಗೆ ಅಮ್ಮನಿಗೆ ದಿನಕ್ಕೆ ಎರಡು ಸಲ ಫೋನ್. ಆಗ ಯಾರಿಗೆ ಕರೆ ಮಾಡಿದರೂ ಮೊದಲು ಒಂದು ಕೆಮ್ಮು ಕೇಳಿಸುತ್ತಿತ್ತಲ್ಲ, ಸರ್ಕಾರದ ಜಾಗೃತಿಯ ಕೆಮ್ಮು, ಅದನ್ನು ಮೊದಲ ಸಲ ಕೇಳಿದಾಗ ಅಮ್ಮನೇ ಕೆಮ್ಮಿದಳೆಂದುಕೊಂಡು ಕೈ ತಣ್ಣಗಾಗಿತ್ತು.

13ರಂದು ಮುಖ್ಯಮಂತ್ರಿ ಯಡಿಯೂರಪ್ಪ ಮಾಲ್, ಚಿತ್ರಮಂದಿರ, ಮದುವೆ, ಸಮಾರಂಭ ಎಲ್ಲ ಒಂದು ವಾರ ಬಂದ್ ಎಂದರು. ಒಂದು ವಾರವೆಂದರೆ ಏಳು ದಿನ ಎಂದೇ ನಾವು ನಂಬಿದೆವು. ಸಹೋದ್ಯೋಗಿಯೊಬ್ಬರು ಮಗಳ ಮದುವೆಯ ಕಲ್ಯಾಣ ಮಂಟಪವನ್ನು ಮಾರ್ಚ್ ಕೊನೆಗೆ ಮುಂದೂಡಿ ನಿಶ್ಚಿಂತೆಯಿಂದ ಕಾಫಿ ಕುಡಿದರು. ಪರೀಕ್ಷೆ ಮಾತ್ರ ನಡೆಯುತ್ತಲೇ ಇತ್ತು. ಕೊನೆಯ ಪತ್ರಿಕೆ ಇಂಗ್ಲಿಷ್, 23ರ ಸೋಮವಾರ. ಅದೇ ರಾತ್ರಿಯ ಬಸ್ಸಿಗೆ ನನ್ನ ಟಿಕೆಟ್ಟು. ಬುಧವಾರ ಯುಗಾದಿ.

22ರ ಭಾನುವಾರ ಜನತಾ ಕರ್ಫ್ಯೂ. ಸಂಜೆ ಐದಕ್ಕೆ ಎಲ್ಲರೂ ತಟ್ಟೆ ಬಡಿದರು, ನಾನೂ ಬಡಿದೆ. ಇಂಗ್ಲಿಷ್ ಪರೀಕ್ಷೆಯೂ ಮುಂದಕ್ಕೆ ಹೋಯಿತು. ಹತ್ತೊಂಬತ್ತು ದಿನ ಯಾವ ಪರೀಕ್ಷೆಗಾಗಿ ಬೆಂಗಳೂರು ಬಿಡದೆ ಕೂತಿದ್ದೆನೋ ಅದೇ ಇಲ್ಲ, ನನ್ನ ಬಸ್ಸೂ ಇಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ತೊಳೆದೆ.

24ರ ರಾತ್ರಿ ಎಂಟಕ್ಕೆ ಪ್ರಧಾನಿ 21 ದಿನಗಳ ಲಾಕ್‌ಡೌನ್ ಘೋಷಿಸಿದರು. "ಕಾರಿನಲ್ಲಿ ಈಗಲೇ ಹೊರಟರೆ ಬೆಳಗಿನ ಜಾವಕ್ಕೆ ಮನೆ" ಎಂದರು ನನ್ನವರು. ಅಂಗಿ ಸೀರೆಗಳನ್ನು ಚೀಲಕ್ಕೆ ತುರುಕುತ್ತಲೇ ಊರಿಗೆ ಫೋನ್ ಮಾಡಿದೆ. ಅಪ್ಪ ನಿವೃತ್ತ ಕನ್ನಡ ಮಾಸ್ತರ. ವಾಕ್ಯ ಮುಗಿಸದೆ ಮಾತಾಡುವವನಲ್ಲ. "ಜಾತ್ರೆಯಿಂದ ನಿನ್ನ ಅಮ್ಮ ತರದ್ದನ್ನು ನೀನು ಬೆಂಗಳೂರಿನಿಂದ ತರಬೇಡ" ಎಂದ. ಮೂರು ವಾರ ಇನ್ನೂರು ಹುಡುಗರ ನಡುವೆ ಓಡಾಡಿ, ಅವರು ಬರೆದ ಉತ್ತರಪತ್ರಿಕೆ ಎಣಿಸಿ ಕಟ್ಟಿದ ಕೈ ನನ್ನದು. ಚೀಲ ಬಿಚ್ಚಿದೆ. ಮರುದಿನ ಸ್ಪೀಕರ್ ಫೋನಿನಲ್ಲಿ ಅವನು ಪಂಚಾಂಗ ಓದಿದ. ಹೊಸ ಸಂವತ್ಸರ ಶಾರ್ವರಿ. "ಶಾರ್ವರಿ ಎಂದರೆ ರಾತ್ರಿ" ಎಂದು ಅರ್ಥವನ್ನೂ ಹೇಳಿದ. ಪದದ ಅರ್ಥ ಹೇಳುವಾಗ ಅವನಿಗೆ ಎದುರಿನವರ ಮನಃಸ್ಥಿತಿ ಕಾಣುವುದಿಲ್ಲ.

ಹೋಗಲಾಗದು ಎಂದಾದ ಮೇಲೆ ನಾನು ಒಂದು ನೂರು ಪುಟದ ನೋಟ್‌ಪುಸ್ತಕ ತೆಗೆದೆ. ಅಪ್ಪನ ರಕ್ತದೊತ್ತಡದ ಮಾತ್ರೆ ಎಷ್ಟು, ಅಮ್ಮನ ಥೈರಾಯ್ಡ್ ಮಾತ್ರೆ ಎಷ್ಟು, ಯಾವ ದಿನ ಮುಗಿಯುತ್ತದೆ. ಗ್ಯಾಸ್ ಸಿಲಿಂಡರ್ ಕೂಡಿಸಿದ ತಾರೀಕು. ಪೇಟೆಗೆ ಹದಿನೇಳು ಕಿಲೋಮೀಟರ್, ಬೈಕ್ ಇರುವವನು ಪಕ್ಕದ ಮನೆಯ ಹುಡುಗ, ಅವನು ಹೋಗುವ ದಿನ. ಮನೆಯಲ್ಲಿರುವ ನಗದು. ಕರೆಂಟು ಹೋದರೆ ಮೊಬೈಲಿಗೆ ಸಿಗ್ನಲ್ ಹೋಗುತ್ತದೆ, ಸ್ಥಿರ ದೂರವಾಣಿ ಬದುಕಿರುತ್ತದೆ. ಆದ್ದರಿಂದ ಅದರ ಬಾಡಿಗೆ ಕಟ್ಟಿದೆಯೇ. ಜ್ವರ ಬಂದರೆ ಮೊದಲು ಯಾರಿಗೆ ಹೇಳಬೇಕು. ಒಬ್ಬರನ್ನೇ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಇನ್ನೊಬ್ಬರ ಜೊತೆ ರಾತ್ರಿ ಮಲಗುವವರು ಯಾರು. ಈ ಕೊನೆಯ ಪ್ರಶ್ನೆಯನ್ನು ಮೂರು ದಿನ ಬರೆದು ಹೊಡೆದು ಹಾಕಿ, ನಾಲ್ಕನೇ ದಿನ ಕೇಳಿಯೇಬಿಟ್ಟೆ. "ನಾಯಿ ಇದೆಯಲ್ಲ" ಎಂದಳು ಅಮ್ಮ.

ಅವಳಿಗೆ ನನ್ನ ಚಿಂತೆಯೇ ಒಂದು ತಮಾಷೆ. ನೆಲ್ಲು ಕಣಜದಲ್ಲಿದೆ, ತೆಂಗಿನಕಾಯಿ ಅಟ್ಟದಲ್ಲಿದೆ, ಮಾವಿನಮಿಡಿ ಈಗಷ್ಟೇ ಉಪ್ಪಿಗೆ ಬಿದ್ದಿದೆ, ಅಂಗಳದಲ್ಲಿ ಕಾಳುಮೆಣಸು ಒಣಗುತ್ತಿದೆ. "ನಿಮಗೆ ಅಲ್ಲಿ ತೊಗರಿಬೇಳೆ ಸಿಗುತ್ತದೆಯೇ?" ಎಂದು ಅವಳೇ ಕೇಳುತ್ತಿದ್ದಳು. ಸಿಗುತ್ತಿರಲಿಲ್ಲ. ಎರಡು ವಾರ ಹೆಸರುಬೇಳೆಯ ಸಾರನ್ನೇ ಉಂಡೆವು, ಅದನ್ನು ಅವಳಿಗೆ ಹೇಳಲಿಲ್ಲ.

29ರ ಭಾನುವಾರ ಪಟ್ಟಿಯ ಪರಿಶೀಲನೆ. ಜಗಲಿಯ ಎಡತುದಿಯಲ್ಲಿ ನಿಂತರೆ ಮಾತ್ರ ವಿಡಿಯೋ ಕರೆ ಹತ್ತುತ್ತದೆ. ಅಪ್ಪ ಅಲ್ಲಿ ನಿಂತು ಮಾತ್ರೆಯ ಪಟ್ಟಿಗಳನ್ನು ಒಂದೊಂದಾಗಿ ತೋರಿಸಿದ. ಆಗ ನನಗೆ ಅವನ ಶ್ರವಣಯಂತ್ರದ ನೆನಪಾಯಿತು. ಸಂಕ್ರಾಂತಿಗೆ ಹೋದಾಗ ಕೊಟ್ಟು ಬಂದಿದ್ದ ಬ್ಯಾಟರಿ ಕಾರ್ಡುಗಳಲ್ಲಿ ಎಷ್ಟು ಉಳಿದಿವೆ? ನಾಲ್ಕು. "ಚೆನ್ನಾಗಿವೆಯೋ ಇಲ್ಲವೋ ಒಮ್ಮೆ ನೋಡಿ ಇಟ್ಟುಕೋ" ಎಂದೆ. ಈ ಮಾತನ್ನು ಹೇಳಿದವಳು ನಾನೇ, ಪುಸ್ತಕದಲ್ಲೂ ಬರೆದಿದ್ದೇನೆ: ಬ್ಯಾಟರಿ 4, ಪರೀಕ್ಷಿಸಲು ಹೇಳಿದೆ, ಪಕ್ಕದಲ್ಲಿ ಸರಿ ಗುರುತು.

ಕಿವಿಯ ಹಿಂದೆ ಕೂರುವ ಅವನ ಯಂತ್ರಕ್ಕೆ 13ನೇ ಅಳತೆಯ ಬ್ಯಾಟರಿ. ಅಂಗಿಯ ಗುಂಡಿಗಿಂತ ಚಿಕ್ಕದು, ಬೆನ್ನಿಗೊಂದು ಕಿತ್ತಳೆ ಬಣ್ಣದ ಚೀಟಿ. ಚೀಟಿಯ ಕೆಳಗೆ ಸೂಜಿಮೊನೆಯಷ್ಟು ರಂಧ್ರಗಳಿವೆ. ಕಿತ್ತೊಡನೆ ಅವುಗಳಲ್ಲಿ ಗಾಳಿ ಒಳಗೆ ಹೋಗಿ ಸತುವಿನೊಂದಿಗೆ ಸೇರಿ ವಿದ್ಯುತ್ತು ಹುಟ್ಟುತ್ತದೆ. ಒಮ್ಮೆ ಕಿತ್ತರೆ ಮುಗಿಯಿತು, ಯಂತ್ರಕ್ಕೆ ಹಾಕಲಿ ಬಿಡಲಿ, ಅದು ಸವೆಯುತ್ತಲೇ ಇರುತ್ತದೆ. ಚೀಟಿಯನ್ನು ಮತ್ತೆ ಅಂಟಿಸಿದರೂ ಮೊದಲಿನಂತಾಗುವುದಿಲ್ಲ. ಅಪ್ಪ ಪ್ರತಿ ಸಲ ಆ ಚೀಟಿಯನ್ನು ಕ್ಯಾಲೆಂಡರಿನ ಆ ದಿನದ ಚೌಕಕ್ಕೆ ಅಂಟಿಸುತ್ತಾನೆ, ಎಷ್ಟು ದಿನ ಬಾಳಿತು ಎಂದು ಲೆಕ್ಕ ಇಡಲು.

ನಾನು ನೋಡು ಎಂದೆ. ಅವನು ಶಿಸ್ತಿನಿಂದ ನೋಡಿದ. ನಾಲ್ಕರ ಚೀಟಿಯನ್ನೂ ಕಿತ್ತು, ಒಂದೊಂದಾಗಿ ಹಾಕಿ, ಅಮ್ಮನಿಂದ "ಕೇಳುತ್ತದೆಯೇ" ಎನ್ನಿಸಿ, ನಾಲ್ಕೂ ಸರಿ ಎಂದು ಡಬ್ಬಿಯಲ್ಲಿಟ್ಟ.

ಮೊದಲನೆಯದು ಹತ್ತು ದಿನ ಬಂತು, ಎರಡನೆಯದು ನಾಲ್ಕು. ಮೂರನೆಯದು ಒಂದೇ ದಿನದಲ್ಲಿ ನಿಂತಾಗ ಅಮ್ಮನಿಗೆ ಅನುಮಾನ ಬಂತು. ಅಷ್ಟರಲ್ಲಿ ನಾಲ್ಕನೆಯದೂ ಕುಂಯ್ ಎಂದು ಸುಮ್ಮನಾಗಿತ್ತು.

ಮಾತ್ರೆ, ಗ್ಯಾಸ್, ನಗದು ಎಲ್ಲ ಪಟ್ಟಿಯಂತೆಯೇ ಇದ್ದವು. ಅಪ್ಪ ಮಾತ್ರ ಪಟ್ಟಿಯಿಂದ ಹೊರಗೆ ಹೋಗಿಬಿಟ್ಟಿದ್ದ. ಫೋನಿನಲ್ಲಿ ನಾನು ಹೇಳಿದ್ದನ್ನು ಅಮ್ಮ ಅವನ ಕಿವಿಗೆ ಕೂಗುತ್ತಿದ್ದಳು. ನನ್ನ ಹತ್ತು ವಾಕ್ಯ ಅವಳ ಬಾಯಲ್ಲಿ "ಆರಾಮ ಇದ್ದಾಳಂತೆ" ಎಂದಾಗುತ್ತಿತ್ತು. ದೂರದರ್ಶನದ ಮರುಪ್ರಸಾರದ ರಾಮಾಯಣವನ್ನು ಅವನು ಮಾತಿಲ್ಲದೆಯೇ ನೋಡುತ್ತಿದ್ದನಂತೆ, ಕಥೆ ಗೊತ್ತಿದೆ ಎಂದು. ವಿಡಿಯೋ ಕರೆಯಲ್ಲಿ ತುಟಿ ನೋಡಿ ಅರ್ಥ ಮಾಡಿಕೊಳ್ಳಲು ಯತ್ನಿಸಿದ. ಸಿಗ್ನಲ್ ತಡವರಿಸಿ ನನ್ನ ತುಟಿ ಅರ್ಧದಲ್ಲೇ ನಿಂತುಬಿಡುತ್ತಿತ್ತು.

ಶ್ರವಣಯಂತ್ರದ ಅಂಗಡಿ ಮುಚ್ಚಿತ್ತು. ಔಷಧ ಅಂಗಡಿಗಳಲ್ಲಿ ಕೇಳಿದರೆ ಗಡಿಯಾರದ ಬ್ಯಾಟರಿ ತೋರಿಸಿದರು. ನಾಲ್ಕನೇ ಅಂಗಡಿಯ ಹುಡುಗ ಮಾತ್ರ ಒಳಗೆ ಹೋಗಿ ದೂಳು ಒರೆಸುತ್ತಾ ಎರಡು ಕಾರ್ಡು ತಂದ. ಕಿತ್ತಳೆ ಬಣ್ಣ ಕಂಡು ಅವನಿಗೆ ಕೈಮುಗಿದದ್ದು ಇನ್ನೂ ನೆನಪಿದೆ. ಮಾಸ್ಕಿನ ಮೇಲಿನ ಅವನ ಕಣ್ಣು ಗಾಬರಿಯಾಗಿದ್ದವು. ಅಂಚೆ ಇಲಾಖೆ ಔಷಧಗಳನ್ನು ತನ್ನದೇ ವಾಹನಗಳಲ್ಲಿ ಸಾಗಿಸುತ್ತಿತ್ತು. ಲಕೋಟೆಯ ಮೇಲೆ ದೊಡ್ಡದಾಗಿ "ವೈದ್ಯಕೀಯ" ಎಂದು ಬರೆದು, ಒಳಗೆ ಒಂದು ಕಾಗದವನ್ನೂ ಇಟ್ಟೆ. ಅಪ್ಪನಿಗೆ ಕಾಗದ ಬರೆಯದೆ ಇಪ್ಪತ್ತು ವರ್ಷವಾಗಿತ್ತು. "ಒಂದು ಸಲಕ್ಕೆ ಒಂದೇ ಚೀಟಿ ಕೀಳು" ಎಂದು ಕೆಳಗೆ ಎರಡು ಗೆರೆ ಎಳೆದಿದ್ದೆ.

ಏಪ್ರಿಲ್ 15ಕ್ಕೆ ಕಳಿಸಿದ್ದು 27ಕ್ಕೆ ತಲುಪಿತು. ಸಂಜೆ ಅಪ್ಪನೇ ಫೋನ್ ಮಾಡಿದ. ನಾನು ರೂಢಿಯಂತೆ ಕೂಗಿ ಕೂಗಿ ಮಾತಾಡಿದೆ. ಅವನು ನನ್ನ ಕಾಗದದ ಬಗ್ಗೆ ಹೇಳಿದ್ದು ಒಂದೇ: 'ವೈದ್ಯಕೀಯ'ದ ಐತ್ವ ಸರಿಯಾಗಿ ಬರೆದಿಲ್ಲ.

ಇಂಗ್ಲಿಷ್ ಪರೀಕ್ಷೆ ನಡೆದದ್ದು ಜೂನ್ 18ಕ್ಕೆ. ಮರುದಿನದ ರಾತ್ರಿಯ ಬಸ್ಸು ಹತ್ತಿದೆ. ಊರಲ್ಲಿ ಮಳೆ ಹಿಡಿದಿತ್ತು. ಎರಡು ದಿನ ಜಗಲಿಯ ಪಕ್ಕದ ಕೋಣೆಯಲ್ಲಿ ಬೇರೆಯೇ ಮಲಗಿದೆ. ಅಮ್ಮ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ನಗುತ್ತಾ ಹೋಗುತ್ತಿದ್ದಳು. ಕ್ಯಾಲೆಂಡರ್ ಇದ್ದದ್ದು ಅದೇ ಕೋಣೆಯಲ್ಲಿ. ಹಾಳೆಗಳನ್ನು ಹಿಂದಕ್ಕೆ ಮಗುಚಿದೆ. ಮಾರ್ಚ್ 29ರ ಚೌಕದಲ್ಲಿ ನಾಲ್ಕು ಕಿತ್ತಳೆ ಚೀಟಿಗಳು ಒತ್ತೊತ್ತಾಗಿ ಅಂಟಿದ್ದವು. ಜಾಗ ಸಾಲದೆ ನಾಲ್ಕನೆಯದು 30ರ ಮೇಲೂ ಹರಿದು, ಅಮ್ಮ ಬರೆದಿದ್ದ ಹಾಲಿನ ಲೆಕ್ಕವನ್ನು ಅರ್ಧ ಮುಚ್ಚಿತ್ತು.