ಲೋಡರ್ ಬೇಕು, ಹುಲ್ಲೂ ಉಳಿಯಬೇಕು

ಹೋದ ಮಳೆಗಾಲ ಧಾರವಾಡದ ಸಾಧನಕೇರಿ ಕಡೆ ಒಂದು ಮನೆಯಲ್ಲಿ ಗುಲ್‌ಮೊಹರ್ ಉರುಳಿತ್ತು. ದಿಮ್ಮಿ ಸಾಗಿಸಲು ಬಾಡಿಗೆಗೆ ತಂದ ಸ್ಕಿಡ್ ಸ್ಟಿಯರ್ (ಭಾರ ಎತ್ತಿ ಸಾಗಿಸುವ ಒಂದು ಸಣ್ಣ ಲೋಡರ್) ನಿಂತಲ್ಲೇ ಒಂದು ಸುತ್ತು ತಿರುಗಿದ್ದೇ ತಡ, ಹುಲ್ಲುಹಾಸು ಜಮಖಾನೆ ಹಾಗೆ ಸುರುಳಿ ಸುತ್ತಿ ಎದ್ದು ಬಂತು. ಮನೆಯವರು ಏನೂ ಅನ್ನಲಿಲ್ಲ, ಸುಮ್ನೆ ನೋಡಿದರು. ಬೈದಿದ್ದರೇ ವಾಸಿ ಇತ್ತು.

ಅದು ತಿರುಗುವುದೇ ಚಕ್ರ ಜಾರಿಸಿ, ಅಲ್ವಾ? ಚಕ್ರದ ಬದಲು ಟ್ರ್ಯಾಕ್ (ಅಗಲ ಪಟ್ಟಿ) ಇದ್ದರೆ ಭಾರ ಹರಡುತ್ತದೆ, ಹೂತುಕೊಳ್ಳುವುದು ಕಡಿಮೆ. ಆದರೆ ಗಕ್ಕನೆ ತಿರುಗಿಸಿದರೆ ಅದೂ ಹುಲ್ಲು ಕೀಳುತ್ತದೆ. ಹಾಗಾಗಿ ಈಗ ನನ್ನ ಕಣ್ಣು ನಡುವೆ ಬಾಗಿ ತಿರುಗುವ ಆರ್ಟಿಕ್ಯುಲೇಟೆಡ್ ಮಿನಿ ಲೋಡರ್ ಮೇಲಿದೆ. ಹಿಂದಿನ ಚಕ್ರ ಮುಂದಿನದರ ಜಾಡಲ್ಲೇ ಬರುತ್ತದೆ, ನೆಲ ಉಜ್ಜುವುದು ಕಡಿಮೆ.

ಆದರೆ ಒಂದು ತೊಡಕಿದೆ. ಪೂರ್ತಿ ಬಾಗಿದಾಗ ಅದು ಪಲ್ಟಿ ಹೊಡೆಯುವ ಭಯ ಜಾಸ್ತಿ. 60 ಸೆಂ.ಮೀ. ದಪ್ಪ, 1 ಮೀಟರ್ ಉದ್ದದ ಹಸಿ ದಿಮ್ಮಿಯೇ 250 ಕಿಲೋ ಆಚೆ ಈಚೆ ತೂಗುತ್ತದೆ. ಎಷ್ಟು ಎತ್ತುತ್ತದೆ ಅಂತ ಕೇಳುವಾಗ ನೇರ ನಿಂತಾಗಿನ ಲೆಕ್ಕ ಬೇಡ, ಬಾಗಿದಾಗಿನದನ್ನೇ ಕೇಳಿ. ದಿಮ್ಮಿಯನ್ನು ನೆಲಕ್ಕೆ ಹತ್ತಿರ ಹಿಡಿದೇ ಓಡಿಸಿ.

ಹುಬ್ಬಳ್ಳಿ ಕಡೆಯ ಎರೆಮಣ್ಣು ಹಸಿ ಇದ್ದರೆ ಮಾತ್ರ ಯಾವ ಲೋಡರೂ ಬೇಡ. ಒಣಗುವ ತನಕ ಕಾಯುತ್ತೇನೆ. ತಿರುಗುವ ಜಾಗಕ್ಕೆ ದಪ್ಪ ಪ್ಲೈವುಡ್ ಹಾಸಿ, ಕೆಲಸ ಮುಗಿದ ಕೂಡಲೇ ಎತ್ತುತ್ತೇನೆ. ಬಿಸಿಲಲ್ಲಿ ಬಿಟ್ಟರೆ ಅಡಿಯ ಹುಲ್ಲು ಬೆಂದೇ ಹೋಗುತ್ತದೆ.