ದಾವಣಗೆರೆಯಿಂದ ಮಾರಿಕಣಿವೆಗೆ ಬೈಕಿನಲ್ಲಿ: ಹೊರಡುವ ಮುಂಚೆ ಆಕ್ಸಿಲರೇಟರ್ ತಿರುಗಿಸಿ ನೋಡಿ

ದಾವಣಗೆರೆಯಿಂದ ಮಾರಿಕಣಿವೆಗೆ, ಅಂದರೆ ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ ಅಣೆಕಟ್ಟಿಗೆ, ಸುಮಾರು 120 ಕಿಲೋಮೀಟರ್. ಹೋಗಿಬರಲು 240. ಬೆಳಿಗ್ಗೆ ಬೇಗ ಹೊರಟರೆ ಒಂದೇ ದಿನಕ್ಕೆ ಆಗುವ ಪ್ರವಾಸ. ಹಿರಿಯೂರಿನವರೆಗೆ ರಾಷ್ಟ್ರೀಯ ಹೆದ್ದಾರಿ 48, ಅಲ್ಲಿಂದ ಒಳರಸ್ತೆ. ಹೋದ ಆಷಾಢದಲ್ಲಿ ನಾನೂ ನನ್ನ ತಮ್ಮನೂ ಎರಡು ಬೈಕ್‌ಗಳಲ್ಲಿ ಹೋಗಿದ್ದೆವು. ಚಿತ್ರದುರ್ಗ ತಲುಪುವಷ್ಟರಲ್ಲಿ ನನ್ನ ಬಲಗೈ ಜೋಮು ಹಿಡಿದುಹೋಗಿತ್ತು. ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಚಹಾ ಲೋಟ ಹಿಡಿದರೆ ಕೈ ನಡುಗಿ ಚಹಾ ತುಳುಕಿ ಹೆಬ್ಬೆರಳ ಮೇಲೆ ಬಿತ್ತು. ಬಿಸಿ ತಾಗಿದೆ ಅಂತ ಗೊತ್ತಾಗಿದ್ದು ಸ್ವಲ್ಪ ತಡವಾಗಿ. ಇನ್ನೂ 60 ಕಿಲೋಮೀಟರ್ ಹೋಗಬೇಕು, ಅದೇ ಕೈಯಲ್ಲಿ ಮುಂದಿನ ಬ್ರೇಕ್ ಹಿಡಿಯಬೇಕು ಎಂದು ಯೋಚಿಸಿದಾಗ ನಿಜಕ್ಕೂ ಭಯವಾಯಿತು.

ತಮ್ಮನ ಬೈಕಿನ ಆಕ್ಸಿಲರೇಟರ್ ತಿರುಗಿಸಿ ನೋಡಿದೆ. ಎರಡು ಬೆರಳಿಗೆ ತಿರುಗಿತು. ನನ್ನದಕ್ಕೆ ಇಡೀ ಅಂಗೈ ಬೇಕು. ದಿನಾ ಪಿ.ಜೆ. ಬಡಾವಣೆಯಿಂದ ಪಿ.ಬಿ. ರಸ್ತೆಗೆ ಓಡಾಡುವ ಬೈಕ್ ಅದು, ಒಂದು ದಿನವೂ ಕೈ ನೋವು ಅನ್ನಿಸಿರಲಿಲ್ಲ. ಊರೊಳಗೆ ನಿಮಿಷಕ್ಕೆ ಹತ್ತು ಸಲ ಆಕ್ಸಿಲರೇಟರ್ ಕೊಡುತ್ತೇವೆ, ಬಿಡುತ್ತೇವೆ. ಬಿಟ್ಟಾಗಲೆಲ್ಲ ಕೈಗೆ ವಿಶ್ರಾಂತಿ. ಹೆದ್ದಾರಿಯಲ್ಲಿ ಆನಗೋಡು ದಾಟಿ ಭರಮಸಾಗರದ ಕಡೆ ನೆಟ್ಟಗೆ ಹೋಗುವಾಗ ಒಂದೇ ವೇಗ. ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ವಿರುದ್ಧ ಕೈ ಅಲುಗದೆ ಮುಕ್ಕಾಲು ಗಂಟೆ ಬಿಗಿಹಿಡಿದಿರಬೇಕು. ಮೊಳಕೈವರೆಗಿನ ಸ್ನಾಯು ಸೋಲುವುದು ಇಲ್ಲೇ. ಆದ್ದರಿಂದ ಊರಲ್ಲಿ ಸರಿಯಾಗಿದೆಯಲ್ಲ ಎಂದು ಹೊರಡಬೇಡಿ.

ಹೇಗೋ ನಿಲ್ಲಿಸಿ ನಿಲ್ಲಿಸಿ, ಐಮಂಗಲ ದಾಟಿ ಹಿರಿಯೂರು ಸೇರಿ ಒಂದು ಗ್ಯಾರೇಜ್ ಹುಡುಕಿದೆವು. ಅಲ್ಲಿದ್ದ ಹುಡುಗ ತಕ್ಷಣ ಎಣ್ಣೆ ಹಾಕಲಿಲ್ಲ. ಮೊದಲು ಹ್ಯಾಂಡಲ್ ಬಳಿ ಕೇಬಲ್ ಬಿಚ್ಚಿ, ಬರಿಯ ಗ್ರಿಪ್ ತಿರುಗಿಸಿದ. ಸಲೀಸಾಗಿ ತಿರುಗಿತು. ಆಮೇಲೆ ಎಂಜಿನ್‌ಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಕಾರ್ಬೊರೇಟರ್ ಕಡೆಯ ತುದಿಯನ್ನೂ ಬಿಚ್ಚಿ, ಒಳಗಿನ ತಂತಿಯನ್ನು ಕೈಯಲ್ಲೇ ಹಿಂದೆ ಮುಂದೆ ಎಳೆದ. ಕರಕರ ಅಂತು. "ನೋಡಣ್ಣ, ಗ್ರಿಪ್ಪಲ್ಲಿ ಏನಿಲ್ಲ, ಕೇಬಲ್ ಒಣಗೋಗೈತೆ" ಅಂದ. ಈ ಕ್ರಮವನ್ನು ಮನೆಯಲ್ಲೇ ಮಾಡಿ ನೋಡಬಹುದು. ಗ್ರಿಪ್ ಒಂದೇ ತಿರುಗಿಸಿದಾಗ ಬಿಗಿಯಿದ್ದರೆ ಒಳಗಿನ ಪ್ಲಾಸ್ಟಿಕ್ ಕೊಳವೆಯಲ್ಲಿ ಧೂಳು ಕೂತಿದೆ, ಅಥವಾ ರಬ್ಬರ್ ಜಾರಿ ಹ್ಯಾಂಡಲ್ ತುದಿಯ ಭಾರದ ಬಿಲ್ಲೆಗೆ ಉಜ್ಜುತ್ತಿದೆ. ತಂತಿ ಬಿಗಿಯಿದ್ದರೆ ಕೇಬಲ್. ಎರಡೂ ಸಲೀಸಾಗಿದ್ದರೆ ಕಾರ್ಬೊರೇಟರ್ ಒಳಗೆ ನೋಡಿಸಬೇಕು.

ನನ್ನ ಬೈಕಿನಲ್ಲಿ ಇನ್ನೊಂದು ತಪ್ಪೂ ಇತ್ತು. ಹಿಂದೊಮ್ಮೆ ಹ್ಯಾಂಡಲ್ ಎತ್ತರಿಸಿದಾಗ ಹಳೇ ಕೇಬಲ್ಲನ್ನೇ ಎಳೆದು, ಟ್ಯಾಂಕ್ ಮುಂದೆ ಪ್ಲಾಸ್ಟಿಕ್ ಟ್ಯಾಗ್‌ನಿಂದ ಬಿಗಿದಿದ್ದರು. ಅಲ್ಲಿ ಕೇಬಲ್ ಮೊಳಕೈಯಂತೆ ಮಡಿಸಿಕೊಂಡಿತ್ತು. ಒಳಗಿನ ತಂತಿ ಪ್ರತಿ ಸಲ ಆ ತಿರುವಿನಲ್ಲಿ ಉಜ್ಜಿಕೊಂಡೇ ಬರಬೇಕು. ಟ್ಯಾಗ್ ಕತ್ತರಿಸಿ, ಕೇಬಲ್ ದುಂಡಗೆ ಬಳಸಿ ಬರುವಂತೆ ಬಿಟ್ಟದ್ದಕ್ಕೇ ಅರ್ಧ ಭಾರ ಇಳಿಯಿತು. ಹುಡುಗ ಎಣ್ಣೆ ಹಾಕಿದ್ದು ಹೀಗೆ: ಚಿಕ್ಕ ಪ್ಲಾಸ್ಟಿಕ್ ಕವರಿನ ಮೂಲೆ ಕತ್ತರಿಸಿ ಕೇಬಲ್ಲಿನ ಮೇಲಿನ ಬಾಯಿಗೆ ದಾರದಿಂದ ಬಿಗಿದು, ಅದರೊಳಗೆ ತೆಳು ಎಣ್ಣೆ ಬಿಟ್ಟು, ತಂತಿಯನ್ನು ಮೇಲೆ ಕೆಳಗೆ ಆಡಿಸುತ್ತಾ ಕಾದ. ಮೊದಲು ಕೆಳಗಿನ ತುದಿಯಲ್ಲಿ ಕಪ್ಪು ನೀರಿನಂಥದು ತೊಟ್ಟಿಕ್ಕಿತು, ಆಮೇಲೆ ಶುದ್ಧ ಎಣ್ಣೆ. ತಂತಿಯ ಎಳೆ ಒಂದಾದರೂ ಬಿಚ್ಚಿದ್ದರೆ ಎಣ್ಣೆ ಹಾಕಿ ಪ್ರಯೋಜನವಿಲ್ಲ, ಹೊಸ ಕೇಬಲ್ಲೇ ಹಾಕಿಸಿ. ಗ್ರಿಪ್ ಒಳಗೆ ಗ್ರೀಸ್ ತುಂಬಿಸಬೇಡಿ, ನಮ್ಮ ಕಡೆಯ ಧೂಳು ಅದಕ್ಕೆ ಅಂಟಿ ತಿಂಗಳೊಳಗೆ ಮೊದಲಿಗಿಂತ ಬಿಗಿಯಾಗುತ್ತದೆ.

ಜೋಡಿಸಿದ ಮೇಲೆ ಎರಡು ಪರೀಕ್ಷೆ ಮಾಡಲೇಬೇಕು. ಗ್ರಿಪ್ ತಿರುಗಿಸಿ ಬಿಟ್ಟರೆ ತಾನಾಗಿ ಟಪ್ ಎಂದು ಹಿಂದಕ್ಕೆ ಬರಬೇಕು. ಎಂಜಿನ್ ಓಡುತ್ತಿರುವಾಗ ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿದರೆ ಸದ್ದು ಏರಬಾರದು. ಏರಿದರೆ ಕೇಬಲ್ ಎಳೆದುಕೊಳ್ಳುತ್ತಿದೆ, ಪ್ಲೇ (ತಂತಿ ಎಳೆಯಲು ಶುರುವಾಗುವ ಮುಂಚೆ ಗ್ರಿಪ್ ಸುಮ್ಮನೆ ತಿರುಗುವ ಸಡಿಲು) ಸಾಲದು ಎಂದರ್ಥ. ಸಾಮಾನ್ಯವಾಗಿ ಎರಡು ಮೂರು ಮಿಲಿಮೀಟರ್ ಪ್ಲೇ ಬೇಕು. ಕೈಗೆ ಹಗುರವಾಗಲಿ ಎಂದು ಸ್ಪ್ರಿಂಗ್ ಸಡಿಲಿಸುವವರಿದ್ದಾರೆ. ದಯವಿಟ್ಟು ಒಪ್ಪಬೇಡಿ. ಆಕ್ಸಿಲರೇಟರ್ ಮುಚ್ಚದೆ ಉಳಿದರೆ ಲಾರಿಯ ಹಿಂದೆ ಏನಾಗುತ್ತದೆಂದು ಹೇಳಬೇಕಿಲ್ಲ.

ಗ್ರಿಪ್‌ಗೆ ಸಿಕ್ಕಿಸುವ, ಅಂಗೈ ಊರುವ ಪ್ಲಾಸ್ಟಿಕ್ ಪಟ್ಟಿಯನ್ನೂ ಬಳಸಿ ನೋಡಿದ್ದೇನೆ. ಖಾಲಿ ಹೆದ್ದಾರಿಯಲ್ಲಿ ಹಾಯೆನಿಸುತ್ತದೆ. ಊರೊಳಗೆ ಬ್ರೇಕ್ ಹಿಡಿಯುವ ಗಡಿಬಿಡಿಯಲ್ಲಿ ಅಂಗೈ ಅದನ್ನೇ ಒತ್ತಿ ಬೈಕ್ ಮುಂದಕ್ಕೆ ಚಿಮ್ಮಬಹುದು. ಹಾಕುವುದಾದರೆ ಊರು ಬರುವ ಮುಂಚೆ ಪಕ್ಕಕ್ಕೆ ತಿರುಗಿಸಿಡಿ.

ಇನ್ನು ಕೈ ಹಿಡಿಯುವ ರೀತಿ. ಆಕ್ಸಿಲರೇಟರ್ ಕೊಡುವ ಮುಂಚೆಯೇ ಗ್ರಿಪ್ಪನ್ನು ಸ್ವಲ್ಪ ಮುಂದಿನಿಂದ ಹಿಡಿದರೆ, ವೇಗಕ್ಕೆ ಬಂದ ಮೇಲೆ ಮಣಿಕಟ್ಟು ನೆಟ್ಟಗಿರುತ್ತದೆ. ನಾನು ಮಣಿಕಟ್ಟನ್ನು ಕೆಳಕ್ಕೆ ಬಗ್ಗಿಸಿಯೇ ಓಡಿಸುತ್ತಿದ್ದೆ, ಅದಕ್ಕೇ ಹೆಬ್ಬೆರಳು, ತೋರುಬೆರಳು ಜೋಮು ಹಿಡಿದದ್ದು. ಕಿರುಬೆರಳ ಕಡೆ ಜೋಮು ಬಂದರೆ ಅಂಗೈಯ ಹೊರ ಅಂಚಿನ ಮೇಲೆ ಭಾರ ಬೀಳುತ್ತಿರಬಹುದು. ತೊಡೆಯಿಂದ ಟ್ಯಾಂಕ್ ಅಪ್ಪಿಹಿಡಿದು ಮೈಭಾರ ಕೈಯಿಂದ ಇಳಿಸಿ. ಬ್ರೇಕ್ ಲಿವರ್ ಕೂಡ ಮೊಳಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ ಬರುವಂತೆ ತಗ್ಗಿಸಿಕೊಳ್ಳಿ. ಮಾರನೇ ದಿನವೂ ಜೋಮು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ಆಷಾಢದಲ್ಲಿ ಹೋಗುವವರು ಗಾಳಿಯ ಲೆಕ್ಕವನ್ನೂ ಇಟ್ಟುಕೊಳ್ಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಹೋಗುವಾಗ ಗಾಳಿ ಬಲಗಡೆಯಿಂದ ನೂಕುತ್ತದೆ, ಬರುವಾಗ ಎಡಗಡೆಯಿಂದ. ನೂಕಿದಾಗ ಕೈ ತಾನಾಗಿ ಹ್ಯಾಂಡಲ್ಲನ್ನು ಹಿಂಡುತ್ತದೆ, ಆಯಾಸ ಇಮ್ಮಡಿ. ವೇಗ ಇಳಿಸಿ, ಮೈ ಸ್ವಲ್ಪ ಬಗ್ಗಿಸಿ, ಬೆರಳು ಸಡಿಲ ಬಿಡಿ. ಸಿರಿಗೆರೆ ಕ್ರಾಸ್, ಚಿತ್ರದುರ್ಗ, ಐಮಂಗಲ ಹೀಗೆ ನಿಲುಗಡೆ ಮೊದಲೇ ಗೊತ್ತುಮಾಡಿಕೊಂಡರೆ ಒಳ್ಳೆಯದು. ನೋವು ಬಂದ ಮೇಲೆ ನಿಂತರೆ ಕೈ ಬೇಗ ಸುಧಾರಿಸುವುದಿಲ್ಲ.

ಮಾರಿಕಣಿವೆಯಲ್ಲಿ ಎರಡು ಗಂಟೆ ಕೂತೆವು. ವೇದಾವತಿ ನದಿಗೆ 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. 1933ರ ನಂತರ ಮೊದಲ ಸಲ ಕೋಡಿ ಬಿದ್ದದ್ದು 2022ರಲ್ಲಿ. ನೀರು ತುಂಬಿರುವ ವರ್ಷ ಹೋದರೆ ನೋಟವೇ ಬೇರೆ. ಆದರೆ ಮಧ್ಯಾಹ್ನ ಮೂರಕ್ಕೆಲ್ಲ ಹೊರಟುಬಿಡಿ. ವಾಪಸ್ ದಾರಿ ವಾಯವ್ಯಕ್ಕೆ, ಸಂಜೆಯ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ನಾವು ನಾಲ್ಕೂವರೆಗೆ ಹೊರಟು ಭರಮಸಾಗರದವರೆಗೂ ಕಣ್ಣು ಕಿರಿದು ಮಾಡಿಕೊಂಡೇ ಬಂದೆವು. ಕೈ ಮಾತ್ರ ಅಷ್ಟು ದೂರವೂ ಹಗುರವಾಗಿತ್ತು.