ಧಾರಾವಾಹಿಯ ಜೊತೆಪುಸ್ತಕ: ಬೇಕಲದ ಗೋಡೆಗೆ ಕ್ಯಾಪ್ಷನ್ ಬರೆಯುವ ಮೊದಲು

ಐತಿಹಾಸಿಕ ಧಾರಾವಾಹಿಗೆ ಸಚಿತ್ರ ಪುಸ್ತಕ ಮಾಡುವಾಗ ನಿರ್ಮಾಣದವರ ಕಡೆಯಿಂದ ಮೊದಲು ಬರುವ ಮಾತು: "ಫೋಟೊಕ್ಕೆ ಏನು ಬರ, ಎಪಿಸೋಡುಗಳೇ ಇವೆಯಲ್ಲ." ಆಗಲೇ ಲೆಕ್ಕ ಹೇಳಿಬಿಡಬೇಕು. ಎಚ್‌ಡಿಯ ಒಂದು ಫ್ರೇಮಿನಲ್ಲಿರುವುದು 1920 × 1080 ಪಿಕ್ಸೆಲ್. ಇಂಚಿಗೆ 300ರಂತೆ ಅಚ್ಚಾದರೆ ಸಿಗುವುದು 16.3 × 9.1 ಸೆಂ.ಮೀ., ಅಂದರೆ ಪೋಸ್ಟ್‌ಕಾರ್ಡಿಗಿಂತ ತುಸು ದೊಡ್ಡದು. ಪುಸ್ತಕ 7.25 × 9.5 ಇಂಚಿನದ್ದು ಎಂದಿಟ್ಟುಕೊಳ್ಳಿ. ಅಂಚಿನ ಕತ್ತರಿಗೆ ಸುತ್ತಲೂ 3 ಮಿ.ಮೀ. ಸೇರಿಸಿ ಆ ಫ್ರೇಮನ್ನು ಪುಟದುದ್ದಕ್ಕೆ ಎಳೆದರೆ ಇಂಚಿಗೆ ಉಳಿಯುವುದು 111 ಪಿಕ್ಸೆಲ್. 4ಕೆ ಆದರೆ ಸುಮಾರು 220, ಕಷ್ಟಪಟ್ಟು ನಡೆದೀತು.

ಆದರೆ ಪಿಕ್ಸೆಲ್ಲಿಗಿಂತ ದೊಡ್ಡ ತೊಡಕು ಶಟರ್‌ನದ್ದು. ಸೆಕೆಂಡಿಗೆ 25 ಫ್ರೇಮಿನ ಚಿತ್ರೀಕರಣದಲ್ಲಿ ಶಟರ್ ಸಾಮಾನ್ಯವಾಗಿ 1/50. ಟಿವಿಯಲ್ಲಿ ಓಡುವಾಗ ಚೆಂದ; ನಿಲ್ಲಿಸಿ ನೋಡಿದರೆ ಬೀಸಿದ ಕತ್ತಿ ಹೊಗೆಯ ಹಾಗೆ, ತಿರುಗಿದ ಮುಖಕ್ಕೆ ಎರಡು ಮೂಗು. ಇದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಸರಿ ಮಾಡುವುದಿಲ್ಲ. ಹಾಗಾಗಿ ಸೆಟ್ಟಿನಲ್ಲಿ ಪುಸ್ತಕಕ್ಕೆಂದೇ ಒಬ್ಬ ಸ್ಟಿಲ್ ಫೋಟೊಗ್ರಾಫರ್ ಬೇಕು. ಟೇಕ್ ಓಕೆಯಾದ ಕೂಡಲೇ, ದೀಪ ಆರಿಸುವ ಮೊದಲು, ಎರಡು ನಿಮಿಷ ಅವರಿಗೆ ಬಿಡಬೇಕು. ಇದನ್ನು ಸಹನಿರ್ದೇಶಕರ ದಿನದ ಪಟ್ಟಿಯಲ್ಲೇ ಬರೆಸಿ. ಬಾಯಿಮಾತಿನ ಒಪ್ಪಂದ ಮಧ್ಯಾಹ್ನದ ಊಟದವರೆಗೂ ಬಾಳುವುದಿಲ್ಲ. ಹೊಡೆದಾಟಕ್ಕೆ 1/250 ಅಥವಾ ಅದಕ್ಕಿಂತ ವೇಗ. ಟೇಕ್ ನಡೆಯುವಾಗ ಸದ್ದಾಗಬಾರದೆಂದು ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಎಲ್‌ಇಡಿ ಬೆಳಕಿನಲ್ಲಿ ಅಡ್ಡಪಟ್ಟೆ ಬೀಳುವ ಅಪಾಯ ಇದೆ. ನಮ್ಮ 50 ಹರ್ಟ್ಸ್ ಕರೆಂಟಿಗೆ ಆಗ 1/50 ಇಲ್ಲವೇ 1/100 ವಾಸಿ. ಪ್ರತಿ ಬೆಳಕಿನ ವ್ಯವಸ್ಥೆಗೂ ಬೂದುಕಾರ್ಡಿನ (ಬಣ್ಣ ಸರಿಹೊಂದಿಸಲು ಇಡುವ ಬೂದುಬಣ್ಣದ ರಟ್ಟು) ಒಂದು ಫೋಟೊ ಇರಲಿ.

ಅದರ ಬೆಲೆ ಅಚ್ಚುಮನೆಯಲ್ಲಿ ಗೊತ್ತಾಗುತ್ತದೆ. ಬೇಕಲ ಸೇರಿ ನಮ್ಮ ಕಾಸರಗೋಡು ಕಡೆಯ ಕೋಟೆಗಳೆಲ್ಲ ಮುರಕಲ್ಲಿನವು. ಪರದೆಯ ಬಣ್ಣದಿಂದ ಅಚ್ಚಿನ ನಾಲ್ಕು ಬಣ್ಣಕ್ಕೆ ಬದಲಿಸುವಾಗ "ಚುರುಕಾಗಲಿ" ಎಂದು ಸಯಾನ್ (ತಿಳಿನೀಲಿ ಶಾಯಿ) ಪೂರ್ತಿ ತೆಗೆದರೆ ಮುನ್ನೂರೈವತ್ತು ವರ್ಷ ಮಳೆ ತಿಂದ ಗೋಡೆ ನಿನ್ನೆ ಸುಟ್ಟ ಇಟ್ಟಿಗೆಯಂತೆ ಕಾಣುತ್ತದೆ. ದೀಪದ ಬೆಳಕಿನ ಅರಮನೆ ದೃಶ್ಯಗಳದ್ದು ತದ್ವಿರುದ್ಧ: ಶಾಯಿ ಹರಡಿ ನೆರಳೆಲ್ಲ ಮುಚ್ಚಿಹೋಗುತ್ತದೆ. ಆರ್ಟ್ ಪೇಪರಿಗೆ ನಾಲ್ಕೂ ಬಣ್ಣದ ಮೊತ್ತ ಶೇ. 300ರ ಆಸುಪಾಸು ನಿಲ್ಲಿಸಿ, ನೆರಳನ್ನು ಪರದೆಯಲ್ಲಿ "ಸ್ವಲ್ಪ ಜಾಸ್ತಿಯೇ ತೆಳುವಾಯಿತು" ಅನಿಸುವಷ್ಟು ತೆರೆಯಿರಿ.

ಇನ್ನು ಕ್ಯಾಪ್ಷನ್. ಪುಸ್ತಕದ ಮಾನ ಉಳಿಯುವುದೋ ಹೋಗುವುದೋ ಇಲ್ಲಿ. ಧಾರಾವಾಹಿಯ ಒಂದು ಫೋಟೊದಲ್ಲಿ ಮೂರು ಸಂಗತಿಗಳಿರುತ್ತವೆ: ಕಥೆಯ ಜಾಗ, ಫೋಟೊ ತೆಗೆದ ಜಾಗ, ಚರಿತ್ರೆಯಲ್ಲಿ ಇದ್ದದ್ದು. ಮೂರನ್ನೂ ಒಂದೇ ವಾಕ್ಯದಲ್ಲಿ ಬೆರೆಸಿದಿರೋ, ಓದುಗ ಬೇಕಲವನ್ನೇ ಬನವಾಸಿ ಎಂದು ನಂಬುತ್ತಾನೆ. ಬೇಕಲಕೋಟೆ ಕೆಳದಿಯ ಶಿವಪ್ಪ ನಾಯಕನ ಕಾಲದ್ದು, 17ನೇ ಶತಮಾನ. 4ನೇ ಶತಮಾನದ ಕದಂಬರ ಕಥೆಗೆ ಅಲ್ಲಿ ಚಿತ್ರೀಕರಿಸಿದರೆ ಗೋಡೆಯ ಕೋವಿಕಿಂಡಿಗಳು ಹಿನ್ನೆಲೆಯಲ್ಲಿ ಇಣುಕುತ್ತವೆ. ಟಿವಿಯಲ್ಲಿ ಅರೆಕ್ಷಣ, ಪುಟದಲ್ಲಿ ಅವು ಎಲ್ಲೂ ಹೋಗುವುದಿಲ್ಲ. ಗೇರುಮರದ್ದೂ ಇದೇ ಕಥೆ. ಬ್ರೆಜಿಲಿನಿಂದ ಪೋರ್ಚುಗೀಸರ ಜೊತೆ ಬಂದ ಮರದ ಕೆಳಗೆ ಮಯೂರವರ್ಮ ಕುಳಿತಿರುತ್ತಾನೆ! ಅಡಿಗೆಮನೆಯ ದೃಶ್ಯದಲ್ಲಿ ಒಣಮೆಣಸು ಹುಡುಕಿ. ಅದೂ ಪೋರ್ಚುಗೀಸರ ನಂತರದ್ದೇ, ಅಲ್ಲಿಯವರೆಗೆ ಖಾರಕ್ಕೆ ಕರಿಮೆಣಸು. ಇಂಥವನ್ನು ಫೋಟೊದಿಂದ ಅಳಿಸುವುದು ಬೇಡ. ಕಾಣದಂತೆ ಕತ್ತರಿಸಲಾದರೆ ಕತ್ತರಿಸಿ, ಇಲ್ಲವಾದರೆ ಇದ್ದದ್ದನ್ನು ಕ್ಯಾಪ್ಷನ್ನಿನಲ್ಲೇ ಹೇಳಿ. ಓದುಗರಿಗೆ ಅಂಥ ಸಾಲುಗಳೇ ಹೆಚ್ಚು ಇಷ್ಟ.

ಇಸವಿ ಬರೆಯುವಾಗ ಶಕಕ್ಕೆ 78 ಕೂಡಿಸಿ ಕೈ ತೊಳೆದುಕೊಳ್ಳುವವರೇ ಜಾಸ್ತಿ. ಶಕವರ್ಷ ಚೈತ್ರದಲ್ಲಿ ಶುರುವಾಗುವುದರಿಂದ ವರ್ಷದ ಕೊನೆಯ ಮಾಘ, ಫಾಲ್ಗುಣಗಳು ಸಾಮಾನ್ಯವಾಗಿ ಮುಂದಿನ ಇಸವಿಗೆ ಬೀಳುತ್ತವೆ. ಶಕ 1593ರ ಫಾಲ್ಗುಣ ಎಂದರೆ 1672, 1671 ಅಲ್ಲ. ಸಂವತ್ಸರದ ಹೆಸರೊಂದನ್ನೇ ನೆಚ್ಚಬೇಡಿ, ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮತ್ತೆ ಬರುತ್ತದೆ.

ಊರ ಹೆಸರಿನ ಸೂಚಿ ಮಾಡುವವರು ಗಡಿಯ ಈಚೆಯವರು, ಅಂದರೆ ಕಾಸರಗೋಡಿನ ಕಡೆಯವರಾದರೆ ಒಳ್ಳೆಯದು. ಬೆಂಗಳೂರಿನಲ್ಲಿ ಕೂತವರಿಗೆ ಹೊಸದುರ್ಗ ಎಂದರೆ ಚಿತ್ರದುರ್ಗ ಜಿಲ್ಲೆಯದ್ದು. ಕಾಞಂಗಾಡಿನ ಹೊಸದುರ್ಗ ನೆನಪಿಗೆ ಬರುವುದಿಲ್ಲ. ಚಂದ್ರಗಿರಿಯಂತೂ ಮೂರು: ಕಾಸರಗೋಡಿನ ಹೊಳೆಬದಿಯ ಕೋಟೆ, ತಿರುಪತಿಯ ಹತ್ತಿರ ವಿಜಯನಗರದ ಅರವೀಡು ವಂಶದ ಅರಸರು ಆಮೇಲೆ ನೆಲೆಸಿದ್ದು, ಶ್ರವಣಬೆಳಗೊಳದ ಚಿಕ್ಕಬೆಟ್ಟ. ಸೂಚಿಯಲ್ಲಿ ಪ್ರತಿಯೊಂದರ ಮುಂದೆ ಜಿಲ್ಲೆಯ ಹೆಸರು ಹಾಕದಿದ್ದರೆ ಕೆಳದಿಯವರ ಕೋಟೆಗೆ ಅರವೀಡಿನವರ ಪುಟಸಂಖ್ಯೆ ಸೇರಿಕೊಳ್ಳುತ್ತದೆ. ಹೆಸರು ಬರೆಯುವಾಗ ರಸ್ತೆಯ ಬೋರ್ಡು ನೋಡಿ ಬರೆಯಬೇಡಿ: ಕನ್ನಡದಲ್ಲಿ ಅದು ಮಂಜೇಶ್ವರ, ಮಂಜೇಶ್ವರಂ ಅಲ್ಲ.

ಅಕ್ಷರದ್ದು ಸಣ್ಣ ವಿಷಯ, ಆದರೂ ಹೇಳಬೇಕು. ಕ್ಯಾಪ್ಷನ್ 8.5 ಪಾಯಿಂಟಾದರೆ ಸಾಲಿನ ಅಂತರ 13ಕ್ಕೆ ಇಳಿಯಬಾರದು. ಇಳಿದರೆ "ಶಾಸ್ತ್ರ"ದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹಳೆಯ "ನುಡಿ" ತಂತ್ರಾಂಶದ ಅಕ್ಷರದಿಂದ ಯೂನಿಕೋಡಿಗೆ ತಂದ ಬರಹದಲ್ಲಿ ಅರ್ಕಾವೊತ್ತಿರುವ ಪದಗಳನ್ನು ಬೇರೆಯಾಗಿ ಹುಡುಕಿ ನೋಡಿ.

ಅನುಮತಿ ಕಾಗದಗಳನ್ನು ಪುಟವಿನ್ಯಾಸಕ್ಕೆ ಮೊದಲೇ ಕೈಗೆ ತೆಗೆದುಕೊಳ್ಳಿ. ಬೇಕಲ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯದ್ದು. ಧಾರಾವಾಹಿಗೆ ಸಿಕ್ಕ ಚಿತ್ರೀಕರಣದ ಅನುಮತಿ ಪುಸ್ತಕದ ಫೋಟೊಕ್ಕೂ ಸಾಕು ಎಂದು ಎಣಿಸಬೇಡಿ, ಅರ್ಜಿಯಲ್ಲೇ ಎರಡನ್ನೂ ಬರೆಸಿ. ನಟರ ಕರಾರಿನಲ್ಲೂ "ಮುದ್ರಿತ ಪುಸ್ತಕ" ಎಂಬ ಪದ ಇರಬೇಕು, "ಪ್ರಚಾರ" ಎಂದಷ್ಟೇ ಇದ್ದರೆ ಮಾರಾಟದ ಪುಸ್ತಕ ಅದರೊಳಗೆ ಬರುತ್ತದೋ ಇಲ್ಲವೋ ಎಂಬ ಜಗಳ ಬಿಡುಗಡೆಯ ಹಿಂದಿನ ದಿನ ಶುರುವಾಗುತ್ತದೆ.

ಅಚ್ಚಿನ ದಿನ ಗೊತ್ತು ಮಾಡುವಾಗ ಜೂನ್, ಜುಲೈ ಬಿಟ್ಟುಬಿಡಿ. ಕರಾವಳಿಯ ಆ ತೇವಕ್ಕೆ 130 ಜಿಎಸ್‌ಎಂ ಆರ್ಟ್ ಪೇಪರಿನ ಅಂಚು ಅಲೆಯಾಗುತ್ತದೆ, ಶಾಯಿ ಒಣಗದೆ ಎದುರು ಪುಟಕ್ಕೆ ಅಂಟುತ್ತದೆ. ಬಿಡುಗಡೆ ಓಣಕ್ಕೋ ದಸರಾಕ್ಕೋ ಎಂದಿದ್ದರೆ ಏಪ್ರಿಲಿನಲ್ಲೇ ಹಾಳೆ ಅಚ್ಚಾಗಿ, ಹೊಲಿಗೆ ಮುಗಿದು, ಒಣ ಕೋಣೆಯಲ್ಲಿರಬೇಕು.